ಮೈಸೂರಿನಲ್ಲಿ ಪೋರ್ಷೆ 718 ಕೇಮನ್: ನಾಲ್ಕು ವರ್ಷ ಇಟ್ಟುಕೊಂಡವನ ಅನಿಸಿಕೆ

ವೇಗಕ್ಕಾಗಿಯೇ ಎನ್ನುವುದಾದರೆ ಮೈಸೂರಿನಲ್ಲಿ ಪೋರ್ಷೆ 718 ಕೇಮನ್ ಎಂಬ ಸ್ಪೋರ್ಟ್ಸ್ ಕಾರು ಕೊಳ್ಳಲು ಕಾರಣವೇ ಇಲ್ಲ. ನಿಂತಲ್ಲಿಂದ ಗಂಟೆಗೆ 100 ಕಿಲೋಮೀಟರ್ ಮುಟ್ಟಲು ಇದಕ್ಕೆ ಐದು ಸೆಕೆಂಡೂ ಬೇಡ. ಆದರೆ ಬೆಂಗಳೂರು ಹೆದ್ದಾರಿಯ ವೇಗಮಿತಿಯೂ ಅಷ್ಟೇ ಆಗಿರುವುದರಿಂದ, ಆ ಐದು ಸೆಕೆಂಡಿನ ಸಂಭ್ರಮ ಮುಗಿದ ಮೇಲೆ ಮಂಡ್ಯ, ಮದ್ದೂರು ದಾಟುವವರೆಗೂ ಕ್ಯಾಮೆರಾಗಳಿಗೆ ಅಂಜಿಕೊಂಡು ಬಾಡಿಗೆ ಇನ್ನೋವಾಗಳ ಜೊತೆಯಲ್ಲೇ ಸಾಗಬೇಕು. ಹಾಗಿದ್ದೂ, 2021ರಲ್ಲಿ ಎರಡನೇ ಮಾಲೀಕನಾಗಿ ಕೊಂಡ ಈ 2018ರ ಕಾರನ್ನು ಮಾರುವ ಯೋಚನೆ ನನಗೆ ಬಂದಿಲ್ಲ, ಏಕೆಂದರೆ ಇದರ ಸುಖವೆಲ್ಲ ಇರುವುದು ಗಂಟೆಗೆ ಅರವತ್ತು ಕಿಲೋಮೀಟರ್ ವೇಗದ ಒಳಗೆ.

ವಾರದ ನಡುವಿನ ಒಂದು ಬೆಳಗ್ಗೆ, ಬಿಸಿಲೇರುವ ಮೊದಲು ಚಾಮುಂಡಿ ಬೆಟ್ಟದ ರಸ್ತೆಯಲ್ಲಿ ಇದನ್ನು ಓಡಿಸಿದರೆ ನನ್ನ ಮಾತು ಅರ್ಥವಾಗುತ್ತದೆ. ಎಂಜಿನ್ ಕುಳಿತಿರುವುದು ಸೀಟುಗಳ ಹಿಂದೆ, ಹಿಂಗಾಲಿಗಳ ಮುಂದೆ. ನಾಲ್ಕು ಸಿಲಿಂಡರ್‌ಗಳು ಎಡಕ್ಕೆರಡು ಬಲಕ್ಕೆರಡಾಗಿ ಅಡ್ಡ ಮಲಗಿರುವುದರಿಂದ ಅದರ ಭಾರ ನೆಲಕ್ಕೆ ಹತ್ತಿರವಾಗಿಯೇ ಇದೆ. ಹೀಗಾಗಿ ತಿರುವಿನಲ್ಲಿ ಕಾರು ವಾಲುವುದಿಲ್ಲ, ಮುಂದಿನ ಚಕ್ರಗಳ ಕೆಳಗೆ ಜಲ್ಲಿಪುಡಿ ಸಿಕ್ಕಿದ್ದು ಕೂಡ ಸ್ಟಿಯರಿಂಗ್ ಹಿಡಿದ ಅಂಗೈಗೆ ಗೊತ್ತಾಗುತ್ತದೆ. 1988 ಸಿಸಿಯ ಟರ್ಬೊ ಎಂಜಿನ್ ನಿಮಿಷಕ್ಕೆ 1950 ಸುತ್ತಿನಲ್ಲೇ ತನ್ನ ಪೂರ್ತಿ 380 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ಚಕ್ರ ತಿರುಗಿಸುವ ಬಲ, ಕೊಡುವುದರಿಂದ, ನಡೆದು ಬೆಟ್ಟ ಹತ್ತುವವರಿಗೂ ಸೈಕಲ್ ಸವಾರರಿಗೂ ದಾರಿ ಬಿಟ್ಟುಕೊಂಡು ನಲವತ್ತರಲ್ಲಿ ಹೋದರೂ ಅದು ಏದುಸಿರು ಬಿಡುವುದಿಲ್ಲ. 300 ಅಶ್ವಶಕ್ತಿಯಲ್ಲಿ ಅರ್ಧವನ್ನೂ ಬಳಸದೆ ಇಷ್ಟು ತೃಪ್ತಿ ಕೊಡುವ ಇನ್ನೊಂದು ವಾಹನವನ್ನು ನಾನು ಓಡಿಸಿಲ್ಲ.

ಕೂರುವುದು ಇಬ್ಬರೇ. ಎತ್ತರ 1295 ಮಿಲಿಮೀಟರ್, ಅಂದರೆ ಎದೆಮಟ್ಟಕ್ಕಷ್ಟೇ. "ಇದರಲ್ಲಿ ಕೂರೋದಲ್ಲ ಕಣೋ, ಬೀಳೋದು" ಎಂದು ಮಂಡಿನೋವಿನ ನನ್ನ ತಾಯಿ ಮೊದಲ ದಿನವೇ ತೀರ್ಪು ಕೊಟ್ಟರು. ಆದರೆ ಮುಂದೆ 150 ಲೀಟರ್, ಹಿಂದೆ 275 ಲೀಟರ್ ಹೀಗೆ ಎರಡು ಡಿಕ್ಕಿ ಇರುವುದರಿಂದ ದೇವರಾಜ ಮಾರುಕಟ್ಟೆಯ ತರಕಾರಿಯೂ ರಾಜಮುಡಿ ಅಕ್ಕಿಯ ಚೀಲವೂ ಒಟ್ಟಿಗೆ ಮನೆ ಸೇರುತ್ತವೆ.

ನಮ್ಮ ಬಡಾವಣೆಗಳ ಬಣ್ಣವಿಲ್ಲದ ಹಂಪ್‌ಗಳು ಮಾತ್ರ ಇದರ ಶತ್ರುಗಳು. ಮನೆಯಿಂದ ರಿಂಗ್ ರಸ್ತೆಗೆ ಹೋಗುವ ದಾರಿಯಲ್ಲಿ ಅಂಥವು ಏಳಿವೆ, ಅವುಗಳಲ್ಲಿ ಎರಡನ್ನು ಓರೆಯಾಗಿ, ಒಂದೊಂದೇ ಚಕ್ರ ಹತ್ತಿಸಿ ಇಳಿಸಿಯೇ ದಾಟಬೇಕು. ಹಿಂದಿನ ಸ್ಕೂಟರಿನವರು ಹಾರ್ನ್ ಮಾಡುತ್ತಲೇ ಇರುತ್ತಾರೆ.

ನಿರ್ವಹಣೆಯ ವಿಷಯದಲ್ಲಿ ನಾನು ಕಲಿತದ್ದು ಬಹುಪಾಲು ನನ್ನದೇ ಅಲಕ್ಷ್ಯದಿಂದ. ಮೂರು ವರ್ಷಗಳ ಹಿಂದೆ ಮಳೆಗಾಲದಲ್ಲಿ ಆರು ವಾರ ಊರಲ್ಲಿರಲಿಲ್ಲ. ಬಂದು ನೋಡಿದರೆ ರಿಮೋಟ್ ಒತ್ತಿದರೂ ಕಾರು ಮಿಸುಕಲಿಲ್ಲ. ಬ್ಯಾಟರಿ ಇರುವುದು ಮುಂದಿನ ಡಿಕ್ಕಿಯೊಳಗೆ. ಆ ಡಿಕ್ಕಿಯ ಬೀಗ ತೆರೆಯುವುದು ಕರೆಂಟಿನಿಂದ. ಆ ಕರೆಂಟ್ ಬರಬೇಕಾದದ್ದು ಸತ್ತಿರುವ ಅದೇ ಬ್ಯಾಟರಿಯಿಂದ. ಬನ್ನಿಮಂಟಪದ ಕಡೆಯಿಂದ ಕರೆಸಿದ ಎಲೆಕ್ಟ್ರಿಷಿಯನ್ ಇಂಥ ಕಾರನ್ನು ಮುಟ್ಟಿದವನೇ ಅಲ್ಲ, ಆದರೂ ಗಾಬರಿಯಾಗದೆ "ಸಾರ್, ಮೊದಲು ಬುಕ್ ಕೊಡಿ" ಎಂದ. ಕಾರಿನ ಕೈಪಿಡಿ ನೋಡಿಕೊಂಡು, ರಿಮೋಟಿನೊಳಗೆ ಅಡಗಿರುವ ಸಣ್ಣ ಕೀಲಿಯಿಂದ ಬಾಗಿಲು ತೆರೆದು, ಕಾಲಿಡುವ ಜಾಗದ ಪಕ್ಕದ ಫ್ಯೂಸ್ ಪೆಟ್ಟಿಗೆಯಿಂದ ಕೆಂಪು ಪಿನ್ ಒಂದನ್ನು ಹೊರಗೆಳೆದು, ಅದಕ್ಕೆ ತನ್ನ ಬ್ಯಾಟರಿಯ ಪ್ಲಸ್ ತಂತಿ ಕಚ್ಚಿಸಿ, ಮೈನಸ್ಸನ್ನು ಬಾಗಿಲಿನ ಬೀಗ ಸಿಕ್ಕಿಕೊಳ್ಳುವ ಕಬ್ಬಿಣಕ್ಕೆ ತಾಗಿಸಿದ. ಟಕ್ ಎಂದು ಮುಂದಿನ ಡಿಕ್ಕಿ ತೆರೆಯಿತು. ಅಂದಿನಿಂದ ಕಾರು ವಾರಕ್ಕಿಂತ ಹೆಚ್ಚು ನಿಲ್ಲುವುದಿದ್ದರೆ ಬ್ಯಾಟರಿಗೆ ಸಣ್ಣ ಚಾರ್ಜರ್ ಸಿಕ್ಕಿಸಿಯೇ ಗ್ಯಾರೇಜಿನ ಬಾಗಿಲು ಹಾಕುತ್ತೇನೆ. ಹೆಗ್ಗಣಗಳ ಕಾಟಕ್ಕೆ ಬೋನು ಇಟ್ಟಿದ್ದೇನೆ. ಅದಕ್ಕಿಂತ ಮೇಲಾದ ಉಪಾಯ ನನಗಿನ್ನೂ ಸಿಕ್ಕಿಲ್ಲ.

ಎಂಜಿನ್ ಕಣ್ಣಿಗೆ ಬೀಳುವುದೇ ಇಲ್ಲ. ಹಿಂದಿನ ಡಿಕ್ಕಿ ತೆರೆದರೆ ಎರಡು ಮುಚ್ಚಳ, ಒಂದು ಆಯಿಲ್ಲಿಗೆ, ಇನ್ನೊಂದು ಎಂಜಿನ್ ತಣಿಸುವ ಕೂಲೆಂಟಿಗೆ, ಅಷ್ಟೇ. ಆಯಿಲ್ ಅಳೆಯುವ ಕಡ್ಡಿಯೂ ಇಲ್ಲ. ಎಂಜಿನ್ ಬಿಸಿಯಾದ ಮೇಲೆ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ಪರದೆಯ ಮೇಲೆ ನೋಡಬೇಕು. ಓಡಿದ್ದು ಎಷ್ಟೇ ಕಡಿಮೆಯಿರಲಿ, ಆಯಿಲ್ಲನ್ನು ವರ್ಷಕ್ಕೊಮ್ಮೆ, ಬ್ರೇಕ್ ಆಯಿಲ್ಲನ್ನು ಎರಡು ವರ್ಷಕ್ಕೊಮ್ಮೆ ಬೆಂಗಳೂರಿಗೆ ಹೋಗಿಯೇ ಬದಲಿಸಿಕೊಂಡು ಬರುತ್ತೇನೆ. ಒಂದು ದಿನ ಅದಕ್ಕೇ ಮೀಸಲು. ಆಯುಧಪೂಜೆಯ ಕುಂಕುಮ ಪೇಂಟಿನ ಮೇಲೆ ಒಣಗಿದರೆ ಕಲೆ ಉಳಿಯುವುದರಿಂದ ಈಗ ಗಾಜಿನ ಮೂಲೆಗೆ ಮಾತ್ರ ಹಚ್ಚುತ್ತೇವೆ. ತಾಯಿಗೆ ಅದು ಅಷ್ಟಾಗಿ ಒಪ್ಪಿಗೆಯಿಲ್ಲ.

ಕೈ ಸುಡುವುದು ಟೈರುಗಳಲ್ಲಿ. ಮುಂದಿನವು 235, ಹಿಂದಿನವು 265 ಅಗಲ, ಆದ್ದರಿಂದ ಹಿಂದಿನದನ್ನು ಮುಂದಕ್ಕೆ ಹಾಕಿ ಸವೆತ ಸರಿದೂಗಿಸುವಂತಿಲ್ಲ. ಮೇಲಾಗಿ ಈ ಕಾರುಗಳಿಗೆಂದೇ ಒಪ್ಪಿಗೆ ಪಡೆದ, ಪಕ್ಕದಲ್ಲಿ ಎನ್ ಅಕ್ಷರದ ಗುರುತಿರುವ ಟೈರೇ ಬೇಕು. ಸ್ಟೆಪ್ನಿ ಇಲ್ಲ, ಪಂಕ್ಚರ್ ಮುಚ್ಚುವ ದ್ರವದ ಡಬ್ಬಿ ಮತ್ತು ಗಾಳಿ ತುಂಬುವ ಪುಟ್ಟ ಯಂತ್ರವಷ್ಟೇ ಇರುತ್ತವೆ. ಕಳೆದ ವರ್ಷ ಸವೆಯದೆ ಚೆನ್ನಾಗಿಯೇ ಉಳಿದಿದ್ದ ನನ್ನ ಟೈರುಗಳ ಪಕ್ಕದಲ್ಲಿ ಕೂದಲೆಳೆಯಂಥ ಬಿರುಕುಗಳು ಕಂಡವು. ಬಗ್ಗಿ ಟಾರ್ಚ್ ಹಿಡಿದು ನೋಡಿದರೆ 1218 ಎಂಬ ಅಂಕಿ, ಅಂದರೆ 2018ರ ಹನ್ನೆರಡನೇ ವಾರದ ತಯಾರಿ. ಆರು ವರ್ಷ ದಾಟಿದ ಟೈರನ್ನು ನಂಬಿ ಬೆಟ್ಟ ಇಳಿಯುವ ಧೈರ್ಯ ನನಗಿಲ್ಲ. ಊರಿನ ಅಂಗಡಿಯವರು ಅದೇ ಅಳತೆಯ ಬೇರೆ ಟೈರು ಹಾಕಿಕೊಡುತ್ತೇವೆಂದರೂ ಒಪ್ಪದೆ, ತರಿಸಲು ಹೇಳಿ ಮೂರು ವಾರ ಕಾದೆ.

ಹಳೆಯದನ್ನು ಕೊಳ್ಳುವವರಿಗೆ ಇನ್ನೊಂದು ಮಾತು. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಹೊಸ ಕಾರಿಗೆ ಜೀವಾವಧಿ ತೆರಿಗೆ ಶೇ. 18, ಅದರ ಮೇಲೆ ಸೆಸ್ ಬೇರೆ. ಹೊರರಾಜ್ಯದ ಕಾರು ಅಗ್ಗವೆನಿಸಿದರೂ ಇಲ್ಲಿಗೆ ತಂದು ನೋಂದಾಯಿಸುವಾಗ ಇಲ್ಲಿನ ತೆರಿಗೆ ಕಟ್ಟಬೇಕಾಗುತ್ತದೆ. ಕೆಎ ನಂಬರಿನದನ್ನೇ ಹುಡುಕಿ, ಮೀಟರಿನ ಕಿಲೋಮೀಟರ್ ನೋಡುವ ಮೊದಲು ಟೈರಿನ ಆ ನಾಲ್ಕು ಅಂಕಿಗಳನ್ನು ಓದಿ.