ಐಫೋನ್ ಎಮರ್ಜೆನ್ಸಿ ಎಸ್ಒಎಸ್: ಫಾರಿನ್‌ಗೆ ಹೊರಡೋ ಮುಂಚೆ ಸೆಟ್ ಮಾಡ್ಕೊಳ್ಳಿ, ಐದಕ್ಕೆ ನಾಲ್ಕು ಸ್ಟಾರ್

ಗೊತ್ತಿಲ್ಲದ ದೇಶದಲ್ಲಿ ಜೊತೆಗಿರೋರು ಇದ್ದಕ್ಕಿದ್ದಂಗೆ ಎದೆ ಹಿಡ್ಕೊಂಡು ಕುಸಿದು ಕೂತ್ರೆ ಆಂಬುಲೆನ್ಸ್‌ಗೆ ಯಾವ ನಂಬರ್ ಒತ್ತೋದು? ಅಮೆರಿಕ, ಕೆನಡಾದಲ್ಲಿ 911, ಆಸ್ಟ್ರೇಲಿಯಾದಲ್ಲಿ 000, ಸಿಂಗಾಪುರದಲ್ಲಿ 995, ಯುರೋಪಿಯನ್ ಯೂನಿಯನ್ ದೇಶಗಳಲ್ಲೆಲ್ಲ 112, ಜಪಾನಲ್ಲಿ 119, ಅಲ್ಲೇ 110 ಒತ್ತಿದ್ರೆ ಪೊಲೀಸರಿಗೆ ಹೋಗತ್ತೆ. ಆ ಗಾಬರಿಲಿ ಇಷ್ಟೆಲ್ಲ ಯಾರಿಗೂ ನೆನಪಿಗೆ ಬರಲ್ಲ. ಈ ಫೀಚರ್ ನಂಗೆ ಇಷ್ಟ ಆಗಿದ್ದೇ ಇದಕ್ಕೆ, ನೀವು ಯಾವ ದೇಶದಲ್ಲಿದೀರೋ ಅಲ್ಲಿನ ಎಮರ್ಜೆನ್ಸಿ ನಂಬರಿಗೆ ಅದೇ ಕಾಲ್ ಮಾಡತ್ತೆ.

ಸೈಡ್ ಬಟನ್ ಮತ್ತೆ ಒಂದು ವಾಲ್ಯೂಮ್ ಬಟನ್ ಒಟ್ಟಿಗೆ ಒತ್ತಿ ಹಿಡೀಬೇಕು. ಎಮರ್ಜೆನ್ಸಿ ಕಾಲ್ ಅಂತ ಸ್ಲೈಡರ್ ಬರತ್ತೆ, ಅದನ್ನ ಎಳೀಬಹುದು, ಬೆರಳು ನಡುಗ್ತಿದ್ರೆ ಬಟನ್ ಬಿಡದೆ ಹಂಗೇ ಹಿಡ್ಕೊಂಡಿದ್ರೂ ಆಯ್ತು, ಜೋರಾಗಿ ಸೈರನ್ ಥರ ಸೌಂಡ್ ಮಾಡ್ಕೊಂಡು ಕೌಂಟ್‌ಡೌನ್ ಶುರುವಾಗತ್ತೆ, ಅದು ಮುಗಿದ್ಮೇಲೆ ಬಟನ್ ಬಿಟ್ರೆ ಕಾಲ್ ಹೋಗತ್ತೆ. ಕೆಲವು ದೇಶಗಳಲ್ಲಿ ಮಾತ್ರ ಪೊಲೀಸಾ, ಫೈರಾ, ಆಂಬುಲೆನ್ಸಾ ಅಂತ ನೀವೇ ಆರಿಸ್ಬೇಕಾಗತ್ತೆ. ಕಾಲ್ ಮುಗಿದ್ಮೇಲೆ ನೀವು ಎಮರ್ಜೆನ್ಸಿ ಕಾಂಟ್ಯಾಕ್ಟ್ ಅಂತ ಹಾಕಿರೋರಿಗೆ ನೀವಿರೋ ಜಾಗ ಮೆಸೇಜಲ್ಲಿ ಹೋಗತ್ತೆ. ಆಂಡ್ರಾಯ್ಡ್ ಫೋನುಗಳಲ್ಲೂ ಇಂಥದ್ದು ಇದೆ, ತುಂಬಾ ಮಾಡೆಲ್‌ಗಳಲ್ಲಿ ಪವರ್ ಬಟನ್ ಐದು ಸಲ ಒತ್ತಿದ್ರೆ ಆಯ್ತು, ಸೆಟ್ಟಿಂಗ್ಸಲ್ಲಿ ಆನ್ ಇದ್ಯಾ ಅಂತ ಮೊದಲೇ ನೋಡ್ಕೊಳ್ಳಿ.

ನನ್ನ ಲೆಕ್ಕದಲ್ಲಿ ಇದಕ್ಕಿಂತ ಬೆಲೆಬಾಳೋದು ಮೆಡಿಕಲ್ ಐಡಿ. ಹೆಲ್ತ್ ಆ್ಯಪಲ್ಲಿ ಬ್ಲಡ್ ಗ್ರೂಪು, ಅಲರ್ಜಿ, ತಗೊಳ್ತಿರೋ ಮಾತ್ರೆ, ಶುಗರ್ ಬಿಪಿ ಎಲ್ಲ ತುಂಬಿಸಿ "ಲಾಕ್ ಆಗಿದ್ದಾಗ ತೋರಿಸು" ಅನ್ನೋದನ್ನ ಆನ್ ಮಾಡಿದ್ರೆ, ನಿಮಗೆ ಪ್ರಜ್ಞೆ ಇಲ್ಲದಿದ್ರೂ ಬಂದೋರು ಪಾಸ್‌ವರ್ಡ್ ಇಲ್ಲದೇನೇ ಓದಬಹುದು. ಮಾತ್ರೆಯ ಕಂಪನಿ ಹೆಸರು ಬೇಡ, ದೇಶದಿಂದ ದೇಶಕ್ಕೆ ಅದು ಬದಲಾಗತ್ತೆ, ಒಳಗಿರೋ ಔಷಧದ ಹೆಸರು ಹಾಕಿ, ಅದೂ ಇಂಗ್ಲಿಷಲ್ಲೇ.

ಒಂದು ಸ್ಟಾರ್ ಯಾಕೆ ಕಮ್ಮಿ ಅಂದ್ರೆ ಕಾಲ್ ಕನೆಕ್ಟ್ ಆದ್ಮೇಲೆ ಮಾತಾಡೋದು ನಾವೇ. ಯುರೋಪಿನ ತುಂಬಾ ಕಡೆ ಫೋನೇ ಲೊಕೇಶನ್ ಕಳಿಸತ್ತೆ ಆದ್ರೆ ಎಲ್ಲಾ ದೇಶದಲ್ಲೂ ಹಂಗಿಲ್ಲ, ಅದಕ್ಕೇ ಬಾಯಿ ಬಿಟ್ಟ ತಕ್ಷಣ ಆಂಬುಲೆನ್ಸ್ ಬೇಕು ಅಂತ ಹೇಳಿ ಜಾಗ ಹೇಳಿಬಿಡಿ, ಹೋಟೆಲ್ ಹೆಸರು, ಎಷ್ಟನೇ ಫ್ಲೋರು, ರೋಡಲ್ಲಿದ್ರೆ ಕಣ್ಣಿಗೆ ಕಾಣೋ ಬೋರ್ಡು. ಆಮೇಲೆ ವಯಸ್ಸು, ಪ್ರಜ್ಞೆ ಇದ್ಯಾ, ಉಸಿರಾಡ್ತಿದಾರಾ. ಭಾಷೆ ಬರಲ್ಲ ಅಂದ್ರೆ ಹೋಟೆಲ್ ರಿಸೆಪ್ಷನ್ನವರ ಕೈಗೋ ಪಕ್ಕದಲ್ಲಿರೋರ ಕೈಗೋ ಫೋನ್ ಕೊಡಿ, ಸಂಕೋಚ ಬೇಡವೇ ಬೇಡ. ಎಮರ್ಜೆನ್ಸಿ ಲೈನಿನವರು ಇಡಿ ಅನ್ನೋವರೆಗೂ ಕಟ್ ಮಾಡ್ಬೇಡಿ, ಎದೆ ಒತ್ತೋದು ಹೆಂಗೆ ಅಂತ ಫೋನಲ್ಲೇ ಹೇಳಿಕೊಡೋರಿದಾರೆ.

ಸೆಟ್ಟಿಂಗ್ ನೋಡೋವಾಗ ಅಪ್ಪಿತಪ್ಪಿ ಕಾಲ್ ಹೋದ್ರೆ ಹೆದರಿ ಕಟ್ ಮಾಡದೆ, ತಪ್ಪಾಗಿ ಬಂತು ಅಂತ ಹೇಳಿ ಇಡಿ. ಟ್ರಾವೆಲ್ ಇನ್ಶೂರೆನ್ಸ್ ಹೆಲ್ಪ್‌ಲೈನಿಗೆ ಮಾಡೋದು ಆಂಬುಲೆನ್ಸ್ ಹೊರಟ ಮೇಲೆ, ಆದ್ರೆ ಮರೀಬೇಡಿ, ಅಮೆರಿಕದಂಥ ಕಡೆ ಆಂಬುಲೆನ್ಸಿಗೂ ದೊಡ್ಡ ಬಿಲ್ ಬರತ್ತೆ, ಪಾಲಿಸಿ ನಂಬರ್ ಅದೇ ಫೋನಲ್ಲಿ ಸೇವ್ ಮಾಡಿಟ್ಕೊಳ್ಳಿ.