ಕಾಗದದ ಸೂಕ್ಷ್ಮದರ್ಶಕ: ಏನೂ ಕಾಣದಿದ್ದರೆ ಮೊದಲು ಸ್ಲೈಡ್ ಮಗುಚಿ ಹಾಕಿ

ಫೋಲ್ಡ್‌ಸ್ಕೋಪ್ ಎಂಬ ಮಡಿಚುವ ಕಾಗದದ ಸೂಕ್ಷ್ಮದರ್ಶಕವನ್ನು ಆಸೆಪಟ್ಟು ತರಿಸಿಕೊಂಡವರಲ್ಲಿ ಎಷ್ಟೋ ಜನ ಅದನ್ನು ಎರಡನೇ ದಿನಕ್ಕೇ ಅಟ್ಟಕ್ಕೆ ಹಾಕುತ್ತಾರೆ. ಕೆರೆ ನೀರು ತಂದು, ಒಂದು ತೊಟ್ಟು ಬಿಟ್ಟು, ಕಣ್ಣಿಟ್ಟು ನೋಡಿದರೆ ಬರೀ ಮಬ್ಬು ಬೆಳಕು, ನಡುವೆ ಒಂದಷ್ಟು ಕಪ್ಪು ಉಂಗುರ. 'ಕಾಗದದ್ದಲ್ವಾ, ಇಷ್ಟೇ' ಅಂತ ಮುಚ್ಚಿಡುತ್ತಾರೆ. ಇದು ಆ ಉಪಕರಣಕ್ಕೆ ಮಾಡುವ ದೊಡ್ಡ ಅನ್ಯಾಯ. ಹೆಚ್ಚಿನ ಸಲ ತಪ್ಪಿರುವುದು ಮಸೂರದಲ್ಲಲ್ಲ, ಸ್ಲೈಡ್ (ನೋಡುವ ವಸ್ತುವನ್ನು ಹೊತ್ತ ಪಟ್ಟಿ) ಇಟ್ಟ ರೀತಿಯಲ್ಲಿ. ಆದ್ದರಿಂದ ಇದನ್ನು ಕೊಳ್ಳಬೇಕೇ ಬೇಡವೇ ಅನ್ನುವುದರ ಜೊತೆಗೆ, ಕೊಂಡ ಮೇಲೆ ಬೆಂಗಳೂರಿನ ಮನೆಯಲ್ಲಿ ಇದರಿಂದ ಕೆಲಸ ತೆಗೆಯುವುದು ಹೇಗೆ ಅನ್ನುವುದನ್ನೂ ಹೇಳಲೇಬೇಕು.

ಮೀರತ್‌ನಲ್ಲಿ ಹುಟ್ಟಿ, ಐಐಟಿ ಕಾನ್ಪುರದಲ್ಲಿ ಓದಿ, ಈಗ ಸ್ಟ್ಯಾನ್‌ಫರ್ಡ್‌ನಲ್ಲಿರುವ ಮನು ಪ್ರಕಾಶ್ ಮತ್ತು ಅವರ ವಿದ್ಯಾರ್ಥಿಯಾಗಿದ್ದ ಜಿಮ್ ಸಿಬುಲ್ಸ್ಕಿ ರೂಪಿಸಿದ ಉಪಕರಣ ಇದು. ಇದರ ಬಗೆಗಿನ ಪ್ರಬಂಧ 2014ರಲ್ಲಿ ಪ್ಲಾಸ್ ಒನ್ ಪತ್ರಿಕೆಯಲ್ಲಿ ಬಂತು. ಬಿಡಿಭಾಗಗಳ ಖರ್ಚು ಒಂದು ಡಾಲರ್‌ಗಿಂತ ಕಡಿಮೆ ಇರಬೇಕು ಅನ್ನುವುದು ಅವರ ಹಟವಾಗಿತ್ತು. ನೀರಿಗೆ ಹಾಳಾಗದ ಕಾಗದದ ಹಾಳೆಯಲ್ಲಿ ಭಾಗಗಳನ್ನು ಅಚ್ಚೊತ್ತಿ ಕೊಡುತ್ತಾರೆ. ಬಿಡಿಸಿ ಮಡಿಚಿದರೆ ಜೇಬಿನಲ್ಲಿ ಹಿಡಿಸುವ ಸೂಕ್ಷ್ಮದರ್ಶಕ ಸಿದ್ಧ. ಮೊದಲ ಸಲ ಮಡಿಚಲು ಅರ್ಧ ಗಂಟೆ ಇಟ್ಟುಕೊಳ್ಳಿ. ಪ್ರತಿ ಮಡಿಕೆಯನ್ನೂ ಉಗುರಿನಿಂದ ಚೆನ್ನಾಗಿ ತೀಡಬೇಕು. ಮಡಿಕೆ ಸಡಿಲವಾಗಿದ್ದರೆ ಮುಂದೆ ಫೋಕಸ್ ನಿಲ್ಲುವುದೇ ಇಲ್ಲ.

ಇದರೊಳಗಿರುವುದು ಒಂದೇ ಒಂದು ಗಾಜಿನ ಗುಂಡು. 140 ಪಟ್ಟು ಹಿಗ್ಗಿಸುವ ಮಾದರಿಯಲ್ಲಿ ಆ ಗುಂಡಿನ ಅಡ್ಡಗಲ ಸುಮಾರು 2.4 ಮಿ.ಮೀ. ಗುಂಡು ಮಸೂರ ಫೋಕಸ್ ಆಗುವುದು ಅದರ ನಡುಬಿಂದುವಿನಿಂದ ಸುಮಾರು 1.76 ಮಿ.ಮೀ. ದೂರದಲ್ಲಿ. ಅದರಲ್ಲಿ ಗುಂಡಿನ ಅರ್ಧಗಲ 1.2 ಕಳೆದರೆ ಉಳಿಯುವುದು ಅರ್ಧ ಮಿಲಿಮೀಟರ್‌ಗಿಂತ ತುಸು ಹೆಚ್ಚು ಅಷ್ಟೆ. ನೋಡಬೇಕಾದ ವಸ್ತು ಆ ಅರ್ಧ ಮಿಲಿಮೀಟರ್‌ನೊಳಗೆ ಬರಲೇಬೇಕು. ಗಾಜಿನ ಸ್ಲೈಡಿನ ದಪ್ಪ 1 ಮಿ.ಮೀ.ಗೂ ಮೇಲೆ, ವಸ್ತುವಿನ ಮೇಲೆ ಮುಚ್ಚುವ ತೆಳು ಗಾಜಾದ ಕವರ್ ಸ್ಲಿಪ್ಪಿನದು 0.15ರ ಆಸುಪಾಸು. ಸ್ಲೈಡನ್ನು ತಲೆಕೆಳಗಾಗಿ ಹಾಕಿದಿರೋ, ದಪ್ಪ ಗಾಜೇ ಅಡ್ಡ ನಿಂತು, ನೀವು ಎಷ್ಟು ಎಳೆದರೂ ತಳ್ಳಿದರೂ ಫೋಕಸ್ ಸಿಗುವುದಿಲ್ಲ. ಕವರ್ ಸ್ಲಿಪ್ ಇರುವ ಮುಖ ಸದಾ ಮಸೂರದ ಕಡೆಗಿರಲಿ. ಕಿಟ್‌ನ ಜೊತೆ ಬರುವ ಕಾಗದದ ಸ್ಲೈಡ್ ಆದರೆ ಪಾರದರ್ಶಕ ಸ್ಟಿಕ್ಕರ್ ಇರುವ ಕಡೆ. 'ಏನೂ ಕಾಣ್ತಿಲ್ಲ' ಅನ್ನುವ ದೂರುಗಳಲ್ಲಿ ಹೆಚ್ಚಿನವು ಇಷ್ಟಕ್ಕೇ ಸರಿಹೋಗುತ್ತವೆ.

ಇನ್ನು ಆ ಕಪ್ಪು ಉಂಗುರಗಳು. ದಪ್ಪ ಕಪ್ಪು ಅಂಚು, ಒಳಗೆ ಖಾಲಿ ಬೆಳಕು, ಕೈವಾರದಲ್ಲಿ ಎಳೆದಷ್ಟು ದುಂಡಗೆ ಕಂಡರೆ ಅದು ಜೀವಕೋಶವಲ್ಲ, ಗಾಳಿಗುಳ್ಳೆ. ಕವರ್ ಸ್ಲಿಪ್ಪನ್ನು ಮೇಲಿನಿಂದ ಧೊಪ್ಪೆಂದು ಬಿಟ್ಟರೆ ಗುಳ್ಳೆ ಸಿಕ್ಕಿಕೊಳ್ಳುತ್ತದೆ. ಒಂದು ಅಂಚನ್ನು ನೀರಿಗೆ ತಾಗಿಸಿ, 45 ಡಿಗ್ರಿ ಓರೆಯಲ್ಲಿ ಹಿಡಿದು, ಸೂಜಿಯ ಆಸರೆ ಕೊಟ್ಟು ನಿಧಾನ ಇಳಿಸಿ. ಹೆಚ್ಚಾದ ನೀರನ್ನು ಟಿಶ್ಯೂ ತುದಿಯಿಂದ ಹೀರಿಸಿ. ನೀರು ಜಾಸ್ತಿಯಾದರೆ ಕವರ್ ಸ್ಲಿಪ್ ತೇಲುತ್ತದೆ, ಜೊತೆಗೆ ಮಸೂರವೂ ಒದ್ದೆಯಾಗುತ್ತದೆ.

ಸ್ಲೈಡಿಗೆ ಬಿಡುವ ನೀರಿನ ವಿಷಯದಲ್ಲಿ ಬೆಂಗಳೂರಿಗೇ ಸೇರಿದ ಒಂದು ತೊಂದರೆಯಿದೆ. ಬೋರ್‌ವೆಲ್ ನೀರಿನಲ್ಲಿ ಸುಣ್ಣದ ಅಂಶ ಹೆಚ್ಚು. ತೊಟ್ಟು ಒಣಗುತ್ತಾ ಬಂದ ಹಾಗೆ ಅಂಚಿನಲ್ಲಿ ಹರಳುಗಟ್ಟಿ, ನೋಡುವ ವಸ್ತುವನ್ನೇ ಮುಚ್ಚಿಬಿಡುತ್ತದೆ. ಸ್ಲೈಡಿಗೆ ಆರ್‌ಒ ನೀರು ಅಥವಾ ಮಳೆನೀರು ಬಳಸಿ. ಕಲೆಗಟ್ಟಿದ ಗಾಜನ್ನು ವಿನೆಗರ್‌ನಲ್ಲಿ ಹತ್ತು ನಿಮಿಷ ನೆನೆಸಿ ತೊಳೆದರೆ ಬಿಳಿ ಕಲೆ ಹೋಗುತ್ತದೆ. ಆದರೆ ಆ ಹರಳುಗಳೂ ನೋಡಲು ಚೆಂದ. ಬೇಕೆಂದೇ ಒಂದು ತೊಟ್ಟು ಬೋರ್‌ವೆಲ್ ನೀರನ್ನು ಒಣಗಿಸಿ ನೋಡಿ. ಬಕೆಟ್ಟಿನ ತಳಕ್ಕೂ ನಲ್ಲಿಯ ಬಾಯಿಗೂ ಕಟ್ಟುವ ಪೊರೆ ಯಾವುದು ಅಂತ ಕಣ್ಣಾರೆ ಗೊತ್ತಾಗುತ್ತದೆ.

ಮೊದಲ ದಿನವೇ ಕೆರೆ ನೀರಿಗೆ ಹೋಗಬೇಡಿ. ಅದರಲ್ಲಿರುವ ಜೀವಿಗಳು ಓಡಾಡುತ್ತವೆ, ಫೋಕಸ್ ಮಾಡಲು ಕೈ ಪಳಗಿರುವುದಿಲ್ಲ. ದಾಸವಾಳದ ಪರಾಗದಿಂದ ಶುರು ಮಾಡಿ. ಅಲುಗಾಡದು, ದೊಡ್ಡದು, ಮೈತುಂಬ ಮುಳ್ಳು. ಆ ಮುಳ್ಳುಗಳ ತುದಿ ಚೂಪಾಗಿ ಕಂಡ ದಿನ ನಿಮಗೆ ಫೋಕಸ್ ಕೈವಶವಾಯಿತು ಅಂತಲೇ ಅರ್ಥ.

ಎರಡನೆಯದು ರಿಯೋ ಗಿಡ. ಮೇಲೆ ಹಸಿರು, ಕೆಳಗೆ ನೇರಳೆ ಬಣ್ಣದ ಉದ್ದ ಎಲೆಯ ಈ ಗಿಡ ಬೆಂಗಳೂರಿನ ಮಹಡಿಗಳ ಕುಂಡಗಳಲ್ಲಿ ಧಾರಾಳ. ಎಲೆಯನ್ನು ಓರೆಯಾಗಿ ಹರಿದರೆ ನೇರಳೆ ಕಡೆಯ ತೆಳು ಸಿಪ್ಪೆ ಅಂಚಿನಲ್ಲಿ ಉಳಿಯುತ್ತದೆ. ಅದರ ಅರ್ಧ ಸೆಂ.ಮೀ. ತುಂಡು ಸಾಕು. 140 ಪಟ್ಟಿನಲ್ಲಿ ನೇರಳೆ ನೀರು ತುಂಬಿದ ಕೋಣೆಗಳು ಒತ್ತೊತ್ತಾಗಿ ಕಾಣುತ್ತವೆ. ಅಲ್ಲಲ್ಲಿ ಹಸಿರು ಬಣ್ಣದ, ಎರಡು ಅವರೆಕಾಳು ಎದುರುಬದುರು ಕೂತಂಥ ಜೋಡಿಗಳಿರುತ್ತವೆ. ಅವು ಪತ್ರರಂಧ್ರದ ಕಾವಲು ಕೋಶಗಳು, ನಡುವಿನ ಸೀಳೇ ಎಲೆ ಉಸಿರಾಡುವ ಬಾಯಿ. ಈಗ 100 ಮಿ.ಲೀ. ನೀರಿಗೆ 1 ಟೀ ಚಮಚ ಉಪ್ಪು ಕರಗಿಸಿ, ಕವರ್ ಸ್ಲಿಪ್ಪಿನ ಒಂದು ಅಂಚಿಗೆ ಒಂದು ತೊಟ್ಟು ಬಿಡಿ. ಎದುರು ಅಂಚಿನಿಂದ ಟಿಶ್ಯೂ ಹಿಡಿದು ಎಳೆಯಿರಿ. ಕೆಲವೇ ನಿಮಿಷದಲ್ಲಿ ನೇರಳೆ ಬಣ್ಣ ಗೋಡೆ ಬಿಟ್ಟು ಒಳಕ್ಕೆ ಮುದುಡಿಕೊಳ್ಳುತ್ತದೆ, ಬಣ್ಣ ಇನ್ನೂ ಗಾಢವಾಗುತ್ತದೆ. ತಡಮಾಡದೆ ಸಪ್ಪೆ ನೀರು ಹಾಯಿಸಿದರೆ ಮತ್ತೆ ಹಿಗ್ಗುತ್ತದೆ. ಉಪ್ಪಿನಕಾಯಿಗೆ ಉಪ್ಪು ಬೆರೆಸಿದಾಗ ಮಾವಿನ ಹೋಳು ನೀರು ಬಿಡುವುದೂ ಇದೇ ಕಾರಣಕ್ಕೆ. ಶಾಲೆಯಲ್ಲಿ ಚಿತ್ರ ಬರೆದು ಬಾಯಿಪಾಠ ಮಾಡಿದ ಸಂಗತಿ ಅಂಗೈಯಲ್ಲಿ ನಡೆಯುವುದನ್ನು ನೋಡಲು ಈ ಉಪಕರಣಕ್ಕೆ ಎಷ್ಟು ಕೊಟ್ಟರೂ ಸಾರ್ಥಕ.

ಅಡುಗೆಮನೆಯಲ್ಲೂ ಸರಕಿದೆ. ಹೆಚ್ಚಿದ ಆಲೂಗಡ್ಡೆಯ ಮೇಲೆ ಚಾಕು ಉಜ್ಜಿ ಆ ಹಾಲನ್ನು ಸ್ಲೈಡಿಗೆ ಹಾಕಿ. ಮೆಡಿಕಲ್ ಸ್ಟೋರಿನ ಪೊವಿಡೋನ್ ಅಯೋಡಿನ್ 1 ಹನಿಗೆ 10 ಹನಿ ನೀರು ಬೆರೆಸಿ ಸೋಕಿಸಿದರೆ ಪಿಷ್ಟದ ಕಾಳುಗಳು ಕಡುನೀಲಿಗೆ ತಿರುಗುತ್ತವೆ. ಆಲೂಗಡ್ಡೆಯವು ದೊಡ್ಡ ಮೊಟ್ಟೆಯಾಕಾರ, ಅಕ್ಕಿಯವು ತೀರಾ ಸಣ್ಣ, ಮೂಲೆ ಮೂಲೆಯಾದ ಚೂರುಗಳು. ಈ ವ್ಯತ್ಯಾಸ ಒಂದು ಸಲ ನೋಡಿದರೆ ಮರೆಯುವುದಿಲ್ಲ.

ಮೊಸರಿನ ಬ್ಯಾಕ್ಟೀರಿಯಾ ನೋಡಬಹುದು ಅನ್ನುವ ಆಸೆ ಮಾತ್ರ ಬಿಟ್ಟುಬಿಡಿ. ಈ ಮಸೂರ ಬಿಡಿಸಿ ತೋರಿಸಬಲ್ಲ ಅತಿ ಚಿಕ್ಕ ಅಂತರ ಸುಮಾರು 2 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರ್‌ನ ಸಾವಿರದಲ್ಲೊಂದು ಪಾಲು), ಮೊಸರಿನ ಬ್ಯಾಕ್ಟೀರಿಯಾಗಳ ಅಗಲ 1 ಮೈಕ್ರಾನ್ ಅಥವಾ ಅದಕ್ಕೂ ಕಡಿಮೆ. ನಿಮಗೆ ಕಾಣುವ ಚುಕ್ಕೆಗಳು ಬಹುಪಾಲು ಕೊಬ್ಬಿನ ಹನಿಗಳೇ. ಮಸೂರದ ಇನ್ನೊಂದು ಮಿತಿ ಅಂಚಿನ ಮಬ್ಬು. ಗುಂಡು ಮಸೂರದ ನಡುಭಾಗ ಮಾತ್ರ ಸ್ಪಷ್ಟ. ನೋಡಬೇಕಾದ್ದನ್ನು ಮಧ್ಯಕ್ಕೆ ತಂದುಕೊಳ್ಳುವುದೇ ದಾರಿ.

ಕಣ್ಣನ್ನು ರೆಪ್ಪೆ ತಾಗುವಷ್ಟು ಹತ್ತಿರ ಇಡಿ. ಕನ್ನಡಕದವರು ಕನ್ನಡಕ ತೆಗೆದೇ ನೋಡಬಹುದು, ಸಮೀಪದೃಷ್ಟಿ ದೋಷವನ್ನು ಫೋಕಸ್ ಸರಿದೂಗಿಸುತ್ತದೆ. ಬೆಳಕಿಗೆ ಮೋಡದ ದಿನದ ಕಿಟಕಿ ಎಲ್ಲಕ್ಕಿಂತ ಉತ್ತಮ. ಸೂರ್ಯನ ಕಡೆಗೆ ಎಂದಿಗೂ ಹಿಡಿಯಬೇಡಿ, ಮಕ್ಕಳಿಗೆ ಇದನ್ನು ಮೊದಲೇ ಹೇಳಿ. ರಾತ್ರಿಗೆ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆಯಾದ ಎಸ್‌ಪಿ ರಸ್ತೆಯಲ್ಲಿ ಸಿಗುವ 5 ಮಿ.ಮೀ. ಬಿಳಿ ಎಲ್‌ಇಡಿಯ ಕಾಲುಗಳ ನಡುವೆ 3 ವೋಲ್ಟಿನ ಬಟನ್ ಸೆಲ್ ಸಿಕ್ಕಿಸಿ ಟೇಪ್ ಸುತ್ತಿದರೆ ದೀಪವಾಯಿತು. ಮುಂದೆ ಒಂದು ಪದರ ಬಟರ್ ಪೇಪರ್ ಹಾಕಿ. ಇಲ್ಲದಿದ್ದರೆ ಬೆಳಕು ಒಂದೇ ಕಡೆ ಚುಚ್ಚಿ ಎಲ್ಲದರ ಸುತ್ತ ಸುಳ್ಳು ಗೆರೆಗಳು ಕಾಣುತ್ತವೆ.

ಅದೇ ರಸ್ತೆಯಲ್ಲಿ ಡಬ್ಬಿಯ ಮೇಲೆ 1000 ಪಟ್ಟು, 1600 ಪಟ್ಟು ಅಂತ ಅಚ್ಚು ಹಾಕಿದ ಯುಎಸ್‌ಬಿ ಸೂಕ್ಷ್ಮದರ್ಶಕಗಳೂ ಸಾಲಾಗಿ ಕೂತಿರುತ್ತವೆ. ಆ ಅಂಕಿಗಳನ್ನು ನಂಬಬೇಡಿ. ಚಿತ್ರವನ್ನು ಪರದೆಯ ಮೇಲೆ ಹಿಗ್ಗಿಸಿದ್ದನ್ನೂ ಸೇರಿಸಿ ಹಾಕಿದ ಲೆಕ್ಕ ಅದು, ಹಿಗ್ಗಿಸಿದ ಮಾತ್ರಕ್ಕೆ ಹೊಸ ವಿವರ ಹುಟ್ಟುವುದಿಲ್ಲ. ಆದರೆ ಸರ್ಕ್ಯೂಟ್ ಬೋರ್ಡಿನ ಬೆಸುಗೆ, ರೇಷ್ಮೆ ಸೀರೆಯ ನೇಯ್ಗೆ, ನಾಣ್ಯ, ಸತ್ತ ಕೀಟ ಇಂಥವನ್ನು ನೋಡಲು ಅದೇ ಸರಿ. ಬೆಳಕು ಮೇಲಿನಿಂದ ಬೀಳುವುದರಿಂದ ಬೆಳಕು ಹಾಯದ ವಸ್ತುಗಳಿಗೆ ಅದು ಒಗ್ಗುತ್ತದೆ. ಫೋಲ್ಡ್‌ಸ್ಕೋಪ್‌ಗೆ ಬೆಳಕು ಹಾಯುವಷ್ಟು ತೆಳು ವಸ್ತುವೇ ಬೇಕು. ಇರುವೆಯನ್ನು ಇಡಿಯಾಗಿ ಇಟ್ಟರೆ ಕಪ್ಪು ನೆರಳು, ಅದರ ಒಂದು ಕಾಲು ಇಟ್ಟರೆ ಕೂದಲು ಕೂದಲೂ ಲೆಕ್ಕಕ್ಕೆ ಸಿಗುತ್ತದೆ.

ಫೋನಿನಲ್ಲಿ ಚಿತ್ರ ತೆಗೆಯಲು ಆಯಸ್ಕಾಂತದ ಉಂಗುರ ಕೊಡುತ್ತಾರೆ. ಕೊಳ್ಳುವ ಮುನ್ನ ಕಿಟ್‌ನಲ್ಲಿ ಅದು ಇದೆಯೇ ಕೇಳಿ, ಅಗ್ಗದ ಕಿಟ್‌ಗಳಲ್ಲಿ ಇರದಿರಬಹುದು. ಮೂರು ನಾಲ್ಕು ಕ್ಯಾಮೆರಾ ಇರುವ ಫೋನಿನಲ್ಲಿ ಮುಖ್ಯ ಕ್ಯಾಮೆರಾಕ್ಕೇ ಅಂಟಿಸಿ, ತಾನಾಗಿ ಮ್ಯಾಕ್ರೋಗೆ ಜಿಗಿಯುವ ಸೆಟ್ಟಿಂಗ್ ಆಫ್ ಮಾಡಿ. ಅಲುಗಾಟ ತಡೆಯುವ ವ್ಯವಸ್ಥೆ ಇರುವ ಕ್ಯಾಮೆರಾದ ಹತ್ತಿರ ಆಯಸ್ಕಾಂತ ಇದ್ದರೆ ಚಿತ್ರ ನಡುಗಬಹುದು. ಅಂಥ ಫೋನಿಗೆ ಎರಡು ಮುಖದ ಟೇಪೇ ವಾಸಿ. ಪರದೆಯನ್ನು ಒತ್ತಿ ಹಿಡಿದು ಫೋಕಸ್ ಕಟ್ಟಿಹಾಕಿ, 2 ಸೆಕೆಂಡಿನ ಟೈಮರ್ ಹಾಕಿ.

ಅಳತೆ ಬೇಕಾದರೆ ಮೋಟರ್ ರೀವೈಂಡಿಂಗ್ ಅಂಗಡಿಯಲ್ಲಿ 40 ಗೇಜಿನ ತಾಮ್ರದ ತಂತಿಯ ಒಂದು ಬೆರಳುದ್ದ ತುಂಡು ಕೇಳಿ ತನ್ನಿ. ಅದರ ತಾಮ್ರದ ದಪ್ಪ 0.122 ಮಿ.ಮೀ., ಅಂದರೆ 122 ಮೈಕ್ರಾನ್. ಅದನ್ನು ಒಂದು ಸ್ಲೈಡಿಗೆ ಅಂಟಿಸಿ ಚಿತ್ರ ತೆಗೆದಿಟ್ಟುಕೊಳ್ಳಿ. ಮುಂದೆ ಅದೇ ಫೋನು, ಅದೇ ಜೂಮಿನಲ್ಲಿ ತೆಗೆದ ಎಲ್ಲ ಚಿತ್ರಕ್ಕೂ ಅದೇ ಅಳತೆಗೋಲು.

ಕೆರೆ ನೀರಿಗೆ ಈಗ ಹೋಗಬಹುದು. ನಗರದ ಬಹಳಷ್ಟು ಕೆರೆಗಳಿಗೆ ಚರಂಡಿ ನೀರು ಸೇರುತ್ತದೆ, ಗ್ಲೌಸ್ ಹಾಕಿಕೊಳ್ಳಿ, ಆಮೇಲೆ ಸೋಪಿನಿಂದ ಕೈ ತೊಳೆಯಿರಿ. ನಡುವಿನ ತಿಳಿನೀರಿನಲ್ಲಿ ಸಿಗುವುದು ಕಡಿಮೆ. ದಡದ ಕೊಳೆತ ಎಲೆ, ಜೊಂಡಿನ ಬುಡ ಹಿಂಡಿ ಬಂದ ನೀರಿನಲ್ಲೇ ಜೀವರಾಶಿ. ಪ್ಯಾರಮೀಸಿಯಂ ಎಂಬ ಏಕಕೋಶ ಜೀವಿಯ ಓಟ ತಡೆಯಲು ಅರಳೆಯ ನಾಲ್ಕಾರು ಎಳೆ ಬಿಡಿಸಿ ತೊಟ್ಟಿನಲ್ಲಿ ಹಾಕಿ, ಎಳೆಗಳ ನಡುವೆ ಅದು ಸುತ್ತುತ್ತಾ ನಿಲ್ಲುತ್ತದೆ. ಸೂಕ್ಷ್ಮಜೀವಿಗಳನ್ನು ಮೊದಲು ಕಂಡ ಡಚ್ಚರ ಲೇವೆನ್‌ಹುಕ್ 1674ರಲ್ಲಿ ತನ್ನೂರಿನ ಹತ್ತಿರದ ಕೆರೆ ನೀರನ್ನು ನೋಡಿದ್ದೂ ಹೀಗೆ ಒಂದೇ ಮಸೂರದ ಉಪಕರಣದಲ್ಲಿ.

ಮಳೆಗಾಲದಲ್ಲಿ ಕಾಂಪೌಂಡ್ ಗೋಡೆಯ ಮೆತ್ತನೆಯ ಪಾಚಿಯನ್ನು (ಮಾಸ್) ಮಾತ್ರ ತಪ್ಪಿಸಬೇಡಿ. ಒಂದು ರೂಪಾಯಿ ನಾಣ್ಯದಷ್ಟು ಪಾಚಿ ಕೆತ್ತಿ, ಆರ್‌ಒ ನೀರಿನಲ್ಲಿ ಒಂದು ರಾತ್ರಿ ನೆನೆಸಿ, ಬೆಳಿಗ್ಗೆ ಹಿಂಡಿ ಪಾಚಿ ತೆಗೆಯಿರಿ. ಹತ್ತು ನಿಮಿಷ ಬಿಟ್ಟು ಲೋಟದ ತಳದಿಂದ ಡ್ರಾಪರ್‌ನಲ್ಲಿ ಹೀರಿ. ಕವರ್ ಸ್ಲಿಪ್ಪಿನ ನಾಲ್ಕು ಮೂಲೆಗೆ ವ್ಯಾಸಲೀನಿನ ಚಿಕ್ಕ ಚುಕ್ಕೆ ಇಡಿ, ಇಲ್ಲದಿದ್ದರೆ ಗಾಜಿನ ಭಾರಕ್ಕೆ ಒಳಗಿನದು ಅಪ್ಪಚ್ಚಿ. ಐದಾರು ಸ್ಲೈಡ್ ನೋಡಿ, ಮೊದಲನೆಯದರಲ್ಲಿ ಸಿಗದಿದ್ದರೆ ಬೇಸರ ಬೇಡ. ಎಂಟು ಮೊಂಡುಗಾಲಿನಲ್ಲಿ ಮಣ್ಣಿನ ಕಣ ತಬ್ಬಿಕೊಂಡು ತೆವಳುವ, ಅರ್ಧ ಮಿಲಿಮೀಟರ್ ಕೂಡ ಇಲ್ಲದ ನೀರುಕರಡಿ (ಟಾರ್ಡಿಗ್ರೇಡ್ ಎಂಬ ಸೂಕ್ಷ್ಮ ಪ್ರಾಣಿ) ಇರುವುದು ಅಲ್ಲೇ.