ತಗ್ಗಿಸಿದ ಹಳೇ ಗಾಡಿಗೆ ಮುಂದಿನ ಶಾಕ್ ಹಾಕಿಸ್ತೀರಾ? ಮೊದಲು ಟೇಪ್ ಹಿಡಿಯಿರಿ

ತುಮಕೂರಿನ ಕಡೆ ಹಳೇ ಜೀಪು, ಪಿಕಪ್ ತಗ್ಗಿಸಿ ಓಡಿಸುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಗಾಡಿಯ ಮಾಡೆಲ್ ಕೇಳಿ, ಅಳತೆ ನೋಡದೆ ಶಾಕ್ ಅಬ್ಸಾರ್ಬರ್ ಕೊಡುವ ಅಂಗಡಿಯಿಂದ ದೂರ ಇರಿ.

ನಮ್ಮ ಚಿಕ್ಕಪ್ಪನದು ಹಳೇ ಮಹೀಂದ್ರ ಪಿಕಪ್. ಹಿಂದಿನ ಓನರ್ ಮುಂದಿನ ಕಮಾನಿನ (ಲೀಫ್ ಸ್ಪ್ರಿಂಗ್) ಪ್ಲೇಟ್ ತೆಗೆಸಿ ಗಾಡಿಯ ಎತ್ತರ ತಗ್ಗಿಸಿದ್ದರು. ಶಾಕ್ ಸೋರುತ್ತಿತ್ತು ಅಂತ ಒಂದು ಅಂಗಡಿಗೆ ಬಿಟ್ಟೆವು. ಗಾಡಿ ತಗ್ಗಿಸಿದ್ದು ಅಂತ ಚಿಕ್ಕಪ್ಪ ಮೊದಲೇ ಹೇಳಿದ್ದರು. "ಅದೇ ಗಾಡೀದು ಸಾರ್, ಕಣ್ಣು ಮುಚ್ಕೊಂಡು ಹಾಕಬಹುದು" ಅಂತ ಅಂಗಡಿಯವರು ಅಳತೆ ನೋಡದೆ ಹಾಕಿಬಿಟ್ಟರು.

ಕೊರಟಗೆರೆ ರಸ್ತೆಯ ಹಂಪ್ ಮೇಲೆ ಹತ್ತಿಸಿದರೆ ಸ್ಟೀರಿಂಗ್‌ವರೆಗೂ ಏಟು. ವಾಪಸ್ ಹೋದಾಗ, "ಬಂಪ್ ರಬ್ಬರ್ ತಾಗ್ತಿದೆ, ಕತ್ತರಿಸಿದ್ರೆ ಸರಿಹೋಗುತ್ತೆ" ಅಂದರು. ಆಕ್ಸಲ್ ಜಾಸ್ತಿ ಮೇಲೆದ್ದಾಗ ಚಾಸಿಗೆ ಬಡಿಯದಂತೆ ತಡೆಯುವ ರಬ್ಬರ್ ಅದು. ಚಿಕ್ಕಪ್ಪ ಬಿಡಲಿಲ್ಲ. ಸದ್ಯ, ಒಳ್ಳೇದಾಯ್ತು. ಆಮೇಲೆ ದೇವರಾಯನದುರ್ಗದ ಇಳಿಜಾರಿನಲ್ಲಿ ಬ್ರೇಕ್ ಒತ್ತಿದಾಗೆಲ್ಲ ಗಾಡಿಯ ಮುಂಭಾಗ ಕುಣಿಯತೊಡಗಿತು. ತಿರುವಿನಲ್ಲಿ ಜೀವ ಬಾಯಿಗೆ ಬಂತು.

ಅಂತರಸನಹಳ್ಳಿ ಕಡೆಯ ಮೆಕ್ಯಾನಿಕ್ ಒಬ್ಬರು ಕೆಳಗೆ ಮಲಗಿ ಟಾರ್ಚ್ ಬಿಟ್ಟು ತೋರಿಸಿದರು. ಬಂಪ್ ರಬ್ಬರ್ ಮೇಲೆ ಕೆಂಪು ಧೂಳು ಕೂತಲ್ಲೇ ಕೂತಿತ್ತು, ಒಂದು ಗೀರೂ ಇಲ್ಲ. ಅಂದರೆ ಆಕ್ಸಲ್ ರಬ್ಬರಿಗೆ ತಾಗೇ ಇಲ್ಲ! ಏಟೆಲ್ಲ ತಿಂದದ್ದು ಶಾಕ್. ಅದರ ರಾಡ್ ಬಗ್ಗಿ, ಸೀಲ್ ಹರಿದು ಆಯಿಲ್ ಇಳಿದಿತ್ತು. ಚಾಸಿಗೆ ಸೇರಿದ ಮೇಲಿನ ಬ್ರಾಕೆಟ್ ಬಾಯಿ ಬಿಟ್ಟಿತ್ತು.

ಲೆಕ್ಕ ಸರಳ. ನಿಂತ ಗಾಡಿಯಲ್ಲಿ ಶಾಕಿನ ಮೇಲಿನ ಬೋಲ್ಟಿನಿಂದ ಕೆಳಗಿನ ಬೋಲ್ಟಿಗೆ 13 ಇಂಚು. ಅವರು ಹಾಕಿದ ಶಾಕ್ ಪೂರ್ತಿ ಒತ್ತಿದಾಗ 12 ಇಂಚು. ಅಂದರೆ ಕುಗ್ಗಲು ಉಳಿದದ್ದು ಒಂದೇ ಇಂಚು. ಆದರೆ ಆಕ್ಸಲ್ ರಬ್ಬರ್ ಮುಟ್ಟಬೇಕಾದರೆ ಎರಡೂವರೆ ಇಂಚು ಮೇಲೇಳಬೇಕು. ರಬ್ಬರ್ ಮಾಡಬೇಕಾದ ಕೆಲಸವನ್ನು ಶಾಕ್ ಮಾಡ್ತಿತ್ತು. ರಬ್ಬರ್ ಕತ್ತರಿಸಿದ್ದರೆ ಇನ್ನೂ ಜಾಸ್ತಿ ಹಾಳಾಗುತ್ತಿತ್ತು.

ಹಾಗಾಗಿ ಸಮತಟ್ಟು ಜಾಗದಲ್ಲಿ, ಮಾಮೂಲಿ ಲೋಡ್ ಇಟ್ಟು, ಡ್ರೈವರ್ ಕೂತಿರುವಾಗ ಬೋಲ್ಟಿನಿಂದ ಬೋಲ್ಟಿಗೆ ಅಳೆಯಿರಿ. ಅದರಲ್ಲಿ ಆಕ್ಸಲಿಗೂ ರಬ್ಬರಿಗೂ ಇರುವ ಸಂದು ಕಳೆಯಿರಿ. ನಮಗೆ ಹತ್ತೂವರೆ ಬಂತು. ರಬ್ಬರ್ ತಾನೂ ಒತ್ತಿಕೊಳ್ಳುತ್ತೆ ಅಲ್ವಾ, ಅದಕ್ಕೆ ಒತ್ತಿದಾಗ 10 ಇಂಚಿಗೆ ಬರುವ ಶಾಕ್ ಹುಡುಕಿದೆವು. ಸುಮ್ನೆ ಗಿಡ್ಡದ್ದು ತಂದರೂ ಆಗಲ್ಲ. ಚಾಸಿಗೆ ಜಾಕ್ ಕೊಟ್ಟು ಚಕ್ರ ಜೋತುಬಿಟ್ಟು ಮತ್ತೆ ಅಳೆಯಿರಿ, ಶಾಕ್ ಪೂರ್ತಿ ಎಳೆದಾಗ ಅದಕ್ಕಿಂತ ಉದ್ದ ಇರಬೇಕು. ಇಲ್ಲದಿದ್ದರೆ ಗುಂಡಿಗೆ ಇಳಿದಾಗ ಶಾಕೇ ಜಗ್ಗಿ ಕಿತ್ತುಬರುತ್ತೆ.

ಹೆವಿ ಡ್ಯೂಟಿ ಹಾಕಿ ಅಂದರೂ ನಂಬಬೇಡಿ. ಅದೇ ಉದ್ದ ಇದ್ದರೆ ಎಷ್ಟು ಗಟ್ಟಿ ಇದ್ದರೂ ಕುಗ್ಗಲು ಇರೋದು ಅದೇ ಒಂದಿಂಚು, ರಬ್ಬರಿಗಿಂತ ಮೊದಲು ಅದೇ ತಳ ಮುಟ್ಟುತ್ತೆ. ಆ ಅಂಗಡಿಯವರು ಕೊನೆಗೆ ಇದನ್ನೇ ಮಾರಲು ನೋಡಿದರು. ರಾಡ್ ಬಗ್ಗಿದ್ದಕ್ಕೆ ವಾರಂಟಿ ಇಲ್ಲ, ರೋಡ್ ಸರಿ ಇಲ್ಲ ಅಂತ ಒಂದು ರೂಪಾಯಿಯೂ ವಾಪಸ್ ಕೊಡಲಿಲ್ಲ.

ನಿಮ್ಮ ಗಾಡಿಯಲ್ಲಿ ಈಗಾಗಲೇ ಹೀಗೆ ಏಟು ಬೀಳ್ತಿದ್ದರೆ ಓಡಿಸೋದು ನಿಲ್ಲಿಸಿ. ಹೊಸ ಶಾಕ್ ತರುವ ಮುಂಚೆ ಬ್ರಾಕೆಟ್ ಸುತ್ತ ಮಣ್ಣು ಒರೆಸಿ, ಬಿರುಕು ಇದೆಯಾ ನೋಡಿ.